ಬೆರಳಲ್ಲಿ ಹತ್ತಿ ಅಳೆಯುತ್ತಿದ್ದವರು

ಯಾರ ಮನೆಗೆ ಹೋದರೂ ಅವರು ಮೊದಲು ಮುಟ್ಟುತ್ತಿದ್ದದ್ದು ದಿಂಬನ್ನು. ಕುರ್ಚಿ ತೋರಿಸಿದರೆ ಕೂರುತ್ತಿರಲಿಲ್ಲ. ದಿಂಬಿನ ಮೂಲೆಯಲ್ಲಿ ಹೊಲಿಗೆ ಎಲ್ಲಾದರೂ ಬಿಚ್ಚಿದೆಯೇ ಎಂದು ಹುಡುಕಿ, ಎರಡು ಬೆರಳು ತೂರಿಸಿ, ಒಂದು ಚಿಟಿಕೆ ಹತ್ತಿ ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಕೊಡಿಗೇಹಳ್ಳಿಯ ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹಾಗೇ ಮಾಡಿದರು. ಅಮ್ಮ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.

“ಏನ್ ಸ್ವಾಮಿ ಅದು, ನೆಟ್ಟಗಿರೋ ದಿಂಬನ್ನ ಹರೀತಾ ಇದ್ದೀರಲ್ಲ!”

“ಇದು ನಿಮ್ಮ ಮದುವೆಗಿಂತ ಹಳೇದು ಕಣಮ್ಮ. ಎಳೆ ಗಿಡ್ಡ, ಸ್ವಲ್ಪ ಒರಟು. ಆದ್ರೆ ಗಂಟು ಕಟ್ಟೋ ಜಾತಿ ಅಲ್ಲ. ಬಿಸಾಕ್ಬೇಡಿ.”

ಅದು ನನ್ನ ಅಜ್ಜಿ ತವರಿನಿಂದ ತಂದ ದಿಂಬು. ಆವತ್ತಿನಿಂದ ಅಮ್ಮನಿಗೆ ಅವರ ಮೇಲೆ ಭಯ ಬೆರೆತ ಗೌರವ. ಅವರು ಬರುತ್ತಾರೆಂದು ಗೊತ್ತಾದರೆ ಅಂಗಡಿಯಿಂದ ತಂದ ಹೊಸ ದಿಂಬುಗಳನ್ನೆಲ್ಲ ಬೀರುವಿನಲ್ಲಿ ತುರುಕುತ್ತಿದ್ದಳು.

ಹೋದ ತಿಂಗಳು ಅವರು ತೀರಿಕೊಂಡರು. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಕೆಳಗೆ ಒಬ್ಬರಾದ ಮೇಲೊಬ್ಬರು ಕೈಮುಗಿದ ಚಿತ್ರ ಹಾಕುತ್ತಾ ಹೋದರು. ನಾನು ಏನೂ ಹಾಕಲಿಲ್ಲ. ಅವರ ಬಗ್ಗೆ ಬರೆಯಬೇಕು ಅನ್ನಿಸಿತು. ಆದರೆ ಹೆಸರು ಬರೆಯುವುದಿಲ್ಲ. ಅವರ ಕೈಯಿಂದ ಒಂದು ತಪ್ಪಾಯಿತು, ಅದನ್ನು ಬಿಟ್ಟು ಅವರ ಬಗ್ಗೆ ಹೇಳಲು ನನಗೆ ಬರುವುದಿಲ್ಲ. ಆ ತಪ್ಪಿಗೆ ಅವರ ಹೆಸರು ಅಂಟಿಕೊಳ್ಳುವುದು ನನಗೆ ಬೇಡ.

ನಮ್ಮದು ಸಣ್ಣ ಬೀಜ ಸಂಶೋಧನಾ ಕೇಂದ್ರ, ಅವರು ಅಲ್ಲಿನ ಹಿರಿಯ ತಳಿ ವಿಜ್ಞಾನಿ. ಹೊಲ ಯಲಹಂಕದಿಂದ ಆಚೆ. ಪ್ರಯೋಗಾಲಯ ಕೊಡಿಗೇಹಳ್ಳಿಯಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ. ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ನಾನು ಬಿ.ಎಸ್ಸಿ. ಮುಗಿಸಿ ಅಲ್ಲಿ ಸೇರಿದ್ದು. ಹೊಲದಲ್ಲಿ ಒಂಬತ್ತು ತಳಿಯ ಹತ್ತಿಯನ್ನು ಅಕ್ಕಪಕ್ಕದ ಪಟ್ಟಿಗಳಲ್ಲಿ ಬೆಳೆಯುತ್ತಿದ್ದೆವು. ಯಾವ ತಳಿ ಎಷ್ಟು ಇಳುವರಿ ಕೊಡುತ್ತದೆ, ಯಾವುದರ ಎಳೆ ಎಷ್ಟು ಉದ್ದ, ಎಷ್ಟು ನಯ, ಎಷ್ಟು ಗಟ್ಟಿ ಎಂದು ಹೋಲಿಸಿ ನೋಡುವುದೇ ನಮ್ಮ ಕೆಲಸ. ತಳಿಗಳಿಗೆ ಹೆಸರಿರಲಿಲ್ಲ, ನಂಬರ್ ಮಾತ್ರ. ಮೂರನೇ ನಂಬರಿನದು ಗಿಡದ ತುಂಬ ಕಾಯಿ, ಆದರೆ ಎಳೆ ಗಿಡ್ಡ, ಒರಟು. ಏಳನೇ ನಂಬರಿನದು ಕಾಯಿ ಕಡಿಮೆ, ಎಳೆ ಮಾತ್ರ ರೇಷ್ಮೆಯ ಹಾಗೆ. ಏಳನೇ ನಂಬರ್ ಅವರು ಬೆಳೆಸಿದ ತಳಿ. ಇಪ್ಪತ್ತು ವರ್ಷದ ಕೆಲಸ.

ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಒಂದು ಹಿಡಿ ಹತ್ತಿ ಕೊಟ್ಟು, “ಎಳೆ ಎಷ್ಟು ಉದ್ದ ಇದೆ, ಹೇಳು” ಅಂದರು. ನಾನು ಸ್ಕೇಲ್ ಹುಡುಕಿದೆ. ಅವರು ನಕ್ಕು, ಎರಡೂ ಹೆಬ್ಬೆರಳುಗಳ ನಡುವೆ ಒಂದು ಚಿಟಿಕೆ ಹತ್ತಿ ಹಿಡಿದು ನಿಧಾನವಾಗಿ ಬೇರ್ಪಡಿಸಿದರು. ಮತ್ತೆ ಜೋಡಿಸಿದರು, ಮತ್ತೆ ಬೇರ್ಪಡಿಸಿದರು. ನಾಲ್ಕನೇ ಸಲಕ್ಕೆ ಎಳೆಗಳೆಲ್ಲ ಬಾಚಿದ ಕೂದಲಿನ ಹಾಗೆ ಒಂದೇ ದಿಕ್ಕಿಗೆ ಮಲಗಿದವು. ಅದನ್ನು ಕಪ್ಪು ಮಖಮಲ್ ಬಟ್ಟೆಯ ಮೇಲೆ ಇಟ್ಟು ಮಿಲಿಮೀಟರಿನಲ್ಲಿ ಉದ್ದ ಹೇಳಿದರು. ಸ್ಕೇಲ್ ಇಟ್ಟು ನೋಡಿದೆ. ಸರಿಯಾಗಿತ್ತು.

ನಾನು ಪ್ರಯತ್ನಿಸಿದೆ. ಎಳೆಗಳು ಪಟಪಟ ಕಿತ್ತುಬಂದವು.

“ಎಳೀಬೇಡಮ್ಮ. ಬರೋಕೆ ಬಿಡು. ಅದು ಎಲ್ಲಿ ತಡೀತಿದೆ ಅಂತ ಬೆರಳಿಗೆ ಗೊತ್ತಾಗುತ್ತಲ್ಲ, ಅಲ್ಲಿ ನಿಲ್ಲಿಸು.”

ನನ್ನ ಬೆರಳಿಗೆ ಗೊತ್ತಾಗಲಿಲ್ಲ. ಈಗಲೂ ಗೊತ್ತಾಗುವುದಿಲ್ಲ. ನಾನು ಯಂತ್ರ ನಡೆಸುವವಳಾದೆ. ಎಳೆಯ ಉದ್ದ, ನಯ, ಬಲವನ್ನೆಲ್ಲ ಅಳೆಯುವ ಯಂತ್ರ ನಾನು ಸೇರಿದ ಮರುವರ್ಷ ಬಂತು. ಅದಕ್ಕೊಂದು ಎ.ಸಿ. ಕೋಣೆ, ತೇವಾಂಶ ನೋಡಲು ಒಂದು ಮೀಟರ್. ಮೊದಲ ವಾರ ಅವರು ಪ್ರತಿ ಮಾದರಿಗೂ ತಮ್ಮ ಅಂದಾಜನ್ನು ಚೀಟಿಯಲ್ಲಿ ಬರೆದು ಮಡಚಿ ಯಂತ್ರದ ಮೇಲೆ ಇಡುತ್ತಿದ್ದರು. ಯಂತ್ರ ಲೆಕ್ಕ ಕೊಟ್ಟ ಮೇಲೆ ನಾನು ಚೀಟಿ ಬಿಚ್ಚುತ್ತಿದ್ದೆ. ಯಂತ್ರ ಕೂರಿಸಲು ಬಂದಿದ್ದ ಇಂಜಿನಿಯರ್ ಮೂರು ದಿನ ಅದನ್ನು ನೋಡಿ, “ಸರ್, ನಿಮ್ಮನ್ನೇ ಪ್ಯಾಕ್ ಮಾಡಿ ಮಾರಬಹುದಿತ್ತು” ಅಂದಿದ್ದ.

ಅವರಿಗೆ ಅಹಂಕಾರ ಇರಲಿಲ್ಲವೆಂದರೆ ಸುಳ್ಳು. ಆದರೆ ತಮ್ಮ ಮೇಲೆ ತಮಗೇ ಒಂದು ಅನುಮಾನವೂ ಇತ್ತು. ಹೋಲಿಕೆಗೆ ಬರುವ ಚೀಲಗಳ ಮೇಲೆ ತಳಿಯ ನಂಬರ್ ಇರಕೂಡದು, ಗುಪ್ತ ಸಂಖ್ಯೆ ಮಾತ್ರ ಇರಬೇಕು ಎಂದು ನಿಯಮ ಮಾಡಿದ್ದು ಅವರೇ. “ನನ್ನ ಮಗು ಅಂತ ಗೊತ್ತಾಗ್ಬಿಟ್ರೆ ನಾನೇ ಪಾಸ್ ಮಾಡ್ಬಿಡ್ತೀನಿ. ನನ್ನನ್ನ ನಂಬಬೇಡಿ” ಅನ್ನುತ್ತಿದ್ದರು. ಒಂದು ವರ್ಷ ಏಳನೇ ನಂಬರ್ ಎಂಟನೆಯ ಸ್ಥಾನಕ್ಕೆ ಇಳಿದಾಗ, ಹೊಲದ ಆ ಭಾಗದಲ್ಲಿ ನೀರು ನಿಂತಿತ್ತು, ಆ ಲೆಕ್ಕ ಬಿಟ್ಟುಬಿಡೋಣ ಎಂದು ನಮ್ಮ ಮ್ಯಾನೇಜರ್ ಹೇಳಿದರು. ಇವರು ಒಪ್ಪಲಿಲ್ಲ. “ರೈತನ ಹೊಲದಲ್ಲಿ ನೀರು ನಿಂತ್ರೆ ಅವನೂ ಆ ಭಾಗ ಬಿಟ್ಬಿಡ್ತಾನಾ?” ಎಂದು ಕೇಳಿದರು.

ಏಳನೇ ನಂಬರಿಗೆ ಇಳುವರಿಯೊಂದೇ ಕೊರತೆ. ಇಳುವರಿ ಏರಿಸಲು ಹೋದರೆ ಎಳೆ ಕೆಡುತ್ತದೆ, ಎಳೆ ಕಾಪಾಡಲು ಹೋದರೆ ಕಾಯಿ ಕಡಿಮೆಯಾಗುತ್ತದೆ. ಎರಡೂ ಇರುವ ಗಿಡ ನೂರಕ್ಕೊಂದು ಸಿಕ್ಕಿದರೆ ಹೆಚ್ಚು. ಆದ್ದರಿಂದ ಅವರು ಪ್ರತಿ ಕಟಾವಿನಲ್ಲೂ ಕಾಯಿ ತುಂಬಿದ ಗಿಡಗಳ ಮುಂದೆ ಒಂದೊಂದಾಗಿ ನಿಂತು, ಒಂದು ಕಾಯಿ ಬಿಡಿಸಿ, ಎಳೆಯನ್ನು ಬೆರಳಲ್ಲಿ ನೋಡಿ, ಒಳ್ಳೆಯದಾದರೆ ಬಟ್ಟೆಯ ಚೀಲಕ್ಕೆ, ಅಲ್ಲದಿದ್ದರೆ ಗೋಣಿಗೆ ಹಾಕಿಸುತ್ತಿದ್ದರು. ಬಟ್ಟೆಯ ಚೀಲದ ಬೀಜ ಮುಂದಿನ ವರ್ಷ ಬಿತ್ತನೆಗೆ. ಗೋಣಿಯದು ಹತ್ತಿಯನ್ನೂ ಬೀಜವನ್ನೂ ಬೇರೆ ಮಾಡುವ ಜಿನ್ನಿಂಗ್ ಗಿರಣಿಗೆ. ಅಷ್ಟು ಗಿಡಗಳನ್ನು ಒಂದೊಂದಾಗಿ ಯಂತ್ರಕ್ಕೆ ಕೊಡಲು ನಮಗೆ ಆಗುತ್ತಿರಲಿಲ್ಲ. ಕೊಡುವ ಅಗತ್ಯವಿದೆ ಎಂದು ಯಾರಿಗೂ ಅನ್ನಿಸಿರಲೂ ಇಲ್ಲ. ಅವರ ಬೆರಳು ಇತ್ತಲ್ಲ.

ಈಗ ಹಿಂದೆ ತಿರುಗಿ ನೋಡಿದರೆ ಮೊದಲ ಸೂಚನೆ ಚಪ್ಪಲಿ. ಒಂದು ಮಧ್ಯಾಹ್ನ ಹೊಲದ ಆ ಕೊನೆಯಿಂದ ಈ ಕೊನೆಗೆ ನಡೆದು ಬಂದರು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಇನ್ನೊಂದು ಎಲ್ಲೋ ಕೆಸರಲ್ಲಿ ಕಳಚಿಕೊಂಡಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ. ನಾವೆಲ್ಲ ನಕ್ಕೆವು. ಅವರೂ ನಕ್ಕರು. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇತ್ತು, ಮಾತ್ರೆ ನುಂಗುತ್ತಿದ್ದರು. ಅದಕ್ಕೂ ಇದಕ್ಕೂ ಯಾರೂ ಗಂಟು ಹಾಕಲಿಲ್ಲ.

ಎರಡನೆಯದು ಟೀ. ಹೊಲದ ಶೆಡ್ಡಿನಲ್ಲಿ ಮುನಿಯಮ್ಮ ಒಲೆಯಿಂದ ಇಳಿಸಿದ ಟೀಯನ್ನು ನೇರವಾಗಿ ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಮುನಿಯಮ್ಮ ನಮ್ಮ ಹೊಲದ ಹಳೆಯ ಆಳು, ಹತ್ತಿ ಬಿಡಿಸುವುದರಲ್ಲಿ ಅವಳ ಕೈಗೆ ಸರಿಸಾಟಿ ಇರಲಿಲ್ಲ. ನಾನು ನನ್ನ ಲೋಟವನ್ನು ಸೆರಗಲ್ಲಿ ಹಿಡಿದರೂ ಸುಟ್ಟು ಕೆಳಗಿಟ್ಟೆ. ಅವರು ಬರಿಗೈಯಲ್ಲಿ ಲೋಟವನ್ನು ಪೂರ್ತಿ ಸುತ್ತಿ ಹಿಡಿದು, ಮೂರನೇ ನಂಬರಿನ ಬಗ್ಗೆ ಏನೋ ಹೇಳುತ್ತಲೇ ಇದ್ದರು. ಕೈ ಬದಲಿಸಲೇ ಇಲ್ಲ. ಮರುದಿನ ಅವರ ತೋರುಬೆರಳಲ್ಲಿ ಬೊಬ್ಬೆ ಇತ್ತು. “ಇದೇನ್ ಸರ್?” ಅಂದೆ. “ಏನೋ, ಯಾವಾಗಾಯ್ತೋ” ಅಂದರು.

ಆ ಕ್ಷಣ ನನಗೆ ಗೊತ್ತಾಯಿತು. ಇದನ್ನು ಸರಳವಾಗಿ ಒಪ್ಪಿಕೊಳ್ಳುತ್ತೇನೆ. ಯಂತ್ರದ ಲೆಕ್ಕದಲ್ಲಿ ಏಳನೇ ನಂಬರಿನ ಎಳೆ ಹಿಂದಿನ ವರ್ಷಕ್ಕಿಂತ ಸ್ವಲ್ಪ ಒರಟಾಗಿದ್ದದ್ದನ್ನು ನಾನೇ ಬರೆದಿದ್ದೆ. ಬೊಬ್ಬೆ ನೋಡಿದಾಗ ಎರಡೂ ಒಟ್ಟಿಗೆ ಸೇರಿದವು. ಆದರೆ ಅವರಿಗೆ ಹೇಗೆ ಹೇಳುವುದು? ನಿಮ್ಮ ಕೈ ಸತ್ತಿದೆ ಅನ್ನಬೇಕಿತ್ತೇ? ಆ ವಾರವೇ ಕಟಾವು ಶುರುವಾಯಿತು.

ಕಟಾವಿನಲ್ಲಿ ನಾನು ಚೀಲಗಳಿಗೆ ಚೀಟಿ ಕಟ್ಟುತ್ತಾ ಅವರ ಹಿಂದೆಯೇ ಇದ್ದೆ. ಒಂದು ಗಿಡದ ಮುಂದೆ ನಿಂತು ಎಳೆ ನೋಡಿ, “ಗಿಡ್ಡ. ಗೋಣಿಗೆ ಹಾಕು” ಅಂದರು. ಮುನಿಯಮ್ಮ ಆ ಹತ್ತಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಿಂತಳು.

“ಯಾಕ್ ಸ್ವಾಮಿ ಇದನ್ನ ಎಸೀತೀರಾ? ಆಲಿನ್ ಕೆನೆ ಇದ್ದಂಗೈತೆ.”

“ಎಳೆ ಗಿಡ್ಡ ಕಣಮ್ಮ.”

“ನಂಗೇನೋ ಅಂಗ್ ಕಾಣಾಕಿಲ್ಲಪ್ಪ,” ಅಂದು ನನ್ನ ಮುಖ ನೋಡಿದಳು.

ನಾನು ಚೀಟಿ ಕಟ್ಟುತ್ತಿದ್ದ ದಾರವನ್ನು ನೋಡಿದೆ. ಮುನಿಯಮ್ಮ ಹತ್ತಿಯನ್ನು ಗೋಣಿಗೆ ಹಾಕಿದಳು. ಆವತ್ತು ಎಷ್ಟು ಗೋಣಿ ತುಂಬಿದವೋ ನಾನು ಎಣಿಸಲಿಲ್ಲ.

ಅದರ ಮುಂದಿನ ವರ್ಷ ಏಳನೇ ನಂಬರ್ ಇನ್ನಷ್ಟು ಕೆಳಗಿಳಿಯಿತು. ಯಂತ್ರ ಒರಟು ಅನ್ನುತ್ತಿತ್ತು, ಅವರು ಮತ್ತೆ ಚೀಟಿ ಇಡಲು ಶುರುಮಾಡಿ ನಯ ಎಂದು ಬರೆಯುತ್ತಿದ್ದರು. ಮೊದಲು ಮಳೆಯನ್ನು ಬೈದರು. ಆಮೇಲೆ ಎ.ಸಿ. ಕೋಣೆಯ ತೇವಾಂಶ ಸರಿಯಿಲ್ಲ ಅಂದರು. ಕೊನೆಗೆ ಯಂತ್ರವೇ ಕೆಟ್ಟಿದೆ ಎಂದು ಇಂಜಿನಿಯರನ್ನು ಕರೆಸಿದರು. ಅವನು ಎರಡು ದಿನ ಪರೀಕ್ಷೆ ಮಾಡಿ, ಯಂತ್ರ ಚೆನ್ನಾಗಿದೆ ಎಂದು ಬರೆದುಕೊಟ್ಟು ಹೋದ. ಅವರು ಆ ಕಾಗದ ಓದಿ, ಮಡಚಿ ಜೇಬಲ್ಲಿಟ್ಟುಕೊಂಡು, ಸುಮಾರು ಹೊತ್ತು ಕಿಟಕಿಯ ಹತ್ತಿರ ನಿಂತಿದ್ದರು. ಕೆಳಗೆ ಅಂಗಡಿಯವರು ಪಿ.ವಿ.ಸಿ. ಪೈಪ್ ಇಳಿಸುತ್ತಿದ್ದರು.

“ಒಂದ್ ಕೆಲಸ ಮಾಡು,” ಅಂದರು ತಿರುಗದೆ. “ಸ್ಟೋರಿಂದ ಯಾವುದಾದ್ರೂ ಒಂದು ಚೀಲ ತಗೋ. ಒಂದೇ ಚೀಲ. ಅದ್ರಿಂದ ಹತ್ತು ಚಿಟಿಕೆ ತೆಗೆದು ಹತ್ತು ನಂಬರ್ ಹಾಕಿ ಸಾಲಾಗಿ ಇಡು. ಯಾವ ಚೀಲ ಅಂತ ನನಗೆ ಹೇಳ್ಬೇಡ.”

ಬೇಕಾದರೆ ನಾನು ಮೂರನೇ ನಂಬರಿನ ಒರಟು ಹತ್ತಿ ಇಡಬಹುದಿತ್ತು. ಅದು ಯಾರು ಎಳೆದರೂ ಒಂದೇ ಉದ್ದ ತೋರಿಸುತ್ತದೆ. ಆದರೆ ಅವರ ಮುಂದೆ ಹಾಗೆ ಮಾಡಲು ಧೈರ್ಯ ಬರಲಿಲ್ಲ. ಏಳನೇ ನಂಬರಿನ ಹಳೆಯ ಮಾದರಿಯೊಂದು ಇತ್ತು, ಎಲ್ಲಕ್ಕಿಂತ ನಯವಾದದ್ದು. ಅದರಿಂದಲೇ ಹತ್ತು ಚಿಟಿಕೆ ಇಟ್ಟೆ.

ಅವರು ಕೂತು ಒಂದೊಂದಾಗಿ ಎಳೆದು ನೋಡಿ ಉದ್ದ ಹೇಳಿದರು. ನಾನು ಬರೆದುಕೊಂಡೆ. ಹತ್ತಕ್ಕೆ ಹತ್ತೂ ಬೇರೆ ಬೇರೆ. ಕೆಲವು ಅರ್ಧಕ್ಕರ್ಧ ಕಡಿಮೆ. ಕಾಗದವನ್ನು ಅವರ ಕಡೆ ತಿರುಗಿಸಿದೆ.

ಅವರು ಭೂತಗನ್ನಡಿ ತೆಗೆದುಕೊಂಡು ಕಪ್ಪು ಮಖಮಲ್ಲಿನ ಮೇಲೆ ಬಗ್ಗಿದರು.

“ಇಲ್ಲಿ ನೋಡು. ಇದು ಗಿಡ್ಡ ಎಳೆ ಅಲ್ಲ. ಉದ್ದ ಎಳೆ. ತುಂಡಾಗಿದೆ. ತುದಿ ನೋಡು, ಹರಿದಿದೆ.” ತಮ್ಮ ಬೆರಳನ್ನು ನೋಡಿಕೊಂಡರು. “ನಾನು ಎಷ್ಟು ಬಿಗಿಯಾಗಿ ಹಿಡೀತಿದ್ದೀನಿ ಅಂತ ನನಗೇ ಗೊತ್ತಾಗ್ತಿಲ್ಲ. ನಯವಾಗಿರೋದೆಲ್ಲ ನನ್ನ ಕೈಲಿ ಹರಿದು ಗಿಡ್ಡ ಕಾಣುತ್ತೆ. ಒರಟಾಗಿರೋದು ಹರಿಯಲ್ಲ.”

ಅವರು ಭೂತಗನ್ನಡಿ ಕೆಳಗಿಟ್ಟರು.

“ಅಂದ್ರೆ ಮೂರು ವರ್ಷದಿಂದ ನಾನು ಒಳ್ಳೆ ಗಿಡಾನೆಲ್ಲ ಗೋಣಿಗೆ ಹಾಕಿದ್ದೀನಿ. ಕೆಟ್ಟದ್ದನ್ನ ಆರಿಸಿ ಆರಿಸಿ ಬಿತ್ತಿದ್ದೀನಿ.”

ಇದನ್ನು ಅವರು ಅಳುತ್ತಾ ಹೇಳಲಿಲ್ಲ. ಫಲಿತಾಂಶ ಓದುವವರ ದನಿಯಲ್ಲೇ ಹೇಳಿದರು. ಅದನ್ನೇ ನನಗೆ ತಡೆಯಲಾಗಲಿಲ್ಲ.

ಗಿರಣಿಗೆ ಹೋದದ್ದು ಹೋಯಿತು. ಉಳಿದದ್ದು ಒಂದೇ ದಾರಿ. ಕೈ ಕೆಡುವ ಮುಂಚಿನ ಬೀಜದ ಒಂದು ಪೊಟ್ಟಣ ಪ್ರಯೋಗಾಲಯದ ಫ್ರಿಜ್‌ನಲ್ಲಿ ಇರಬೇಕೆಂದು ನನಗೆ ನೆನಪಾಯಿತು. ಹುಡುಕಿದೆ, ಸಿಕ್ಕಿತು. ಅವರ ಕೈಬರಹ, ವರ್ಷ, ಎಲ್ಲವೂ ಸರಿಯಾಗಿತ್ತು. ಕುಣಿಯುತ್ತಾ ತಂದು ತೋರಿಸಿದೆ. ಅವರು ಒಂದು ಬೀಜವನ್ನು ಬ್ಲೇಡಿನಿಂದ ಸೀಳಿ ಒಳಗಿನ ಬಣ್ಣ ನೋಡಿದರು.

“ನಾವು ಕೆಳಗಿನ ಮಹಡಿಯಿಂದ ಇಲ್ಲಿಗೆ ಬಂದಾಗ ಈ ಫ್ರಿಜ್ ಎಷ್ಟು ದಿನ ಆಫ್ ಆಗಿತ್ತು?”

ಬೇಸಿಗೆಯ ಎರಡು ತಿಂಗಳು. ವೈರಿಂಗ್ ಮುಗಿಯುವವರೆಗೆ. ಆಗ ಅದರೊಳಗೆ ಏನಿದೆ ಎಂದು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

“ಬರಲ್ಲ ಕಣಮ್ಮ,” ಅಂದರು. ಆದರೂ ಬಿತ್ತಿದೆವು. ಪ್ರಯೋಗಾಲಯದ ತಾರಸಿಯ ಮೇಲೆ ಟ್ರೇಗಳಲ್ಲಿ, ಒಂದೊಂದು ಗುಳಿಗೆ ಒಂದೊಂದು ಬೀಜ. ನೀರು ಹಾಕುವ ಕೆಲಸ ನನ್ನದು. ಬರಲ್ಲ ಎಂದು ಹೇಳಿದವರು ದಿನಾ ಬೆಳಿಗ್ಗೆ ಆರ್.ಟಿ. ನಗರದಿಂದ ಎರಡು ಬಸ್ ಹಿಡಿದು, ನನಗಿಂತ ಮೊದಲೇ ಬಂದು, ಮೆಟ್ಟಿಲು ಹತ್ತಿ ಟ್ರೇಗಳ ಪಕ್ಕ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಹತ್ತಿ ಮೊಳೆಯಲು ಒಂದು ವಾರ ಸಾಕು. ಎರಡು ವಾರ ನೋಡಿದರು. ಮೂರನೇ ವಾರ ಒಂದು ಗುಳಿಯಲ್ಲಿ ಹಸಿರು ಕಂಡಿತು. ನಾನು ಕೂಗಿಕೊಂಡೆ. ಅವರು ಬಗ್ಗಿ ನೋಡಿ, “ಗಣಿಕೆ ಸೊಪ್ಪು” ಅಂದರು. ಗಾಳಿಗೆ ಬಂದು ಬಿದ್ದ ಬೀಜ. ಅವರು ಅದನ್ನು ಕೀಳಲಿಲ್ಲ. ಮಾರನೇ ದಿನದಿಂದ ತಾರಸಿಗೆ ಬರುವುದನ್ನು ನಿಲ್ಲಿಸಿದರು.

ವರ್ಷದ ಫಲಿತಾಂಶ ಒಪ್ಪಿಸುವ ಸಭೆಯಲ್ಲಿ ಅವರು ಎದ್ದು ನಿಂತು ಎಲ್ಲವನ್ನೂ ಹೇಳಿದರು. ಒಂದೂ ಬಿಡಲಿಲ್ಲ. ತಳಿ ಹೇಗೆ ಕೆಟ್ಟಿತು, ಯಾರ ಕೈಯಿಂದ ಕೆಟ್ಟಿತು, ಮುಂದೆ ಯಾರನ್ನೂ, ಅವರು ಎಷ್ಟೇ ಹಳಬರಾದರೂ, ಪರೀಕ್ಷೆ ಮಾಡದೆ ನಂಬಬಾರದು ಎಂದೂ. ಆಮೇಲೆ ಕಾರಿಡಾರಿನಲ್ಲಿ ಮ್ಯಾನೇಜರ್ ಅವರ ಭುಜದ ಮೇಲೆ ಕೈಯಿಟ್ಟು, “ಸರ್, ಇದನ್ನೆಲ್ಲ ಹೇಳಬೇಕಾಗಿರ್ಲಿಲ್ಲ. ಹವಾಮಾನ ಅಂತ ಬರೆದ್ರೆ ಮುಗೀತಿತ್ತು” ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಏಳನೇ ನಂಬರನ್ನು ಹೋಲಿಕೆಯಿಂದ ತೆಗೆದರು. ಮೂರನೇ ನಂಬರ್ ಮುಂದಿನ ಹಂತಕ್ಕೆ ಹೋಯಿತು.

ಆವತ್ತು ಅವರ ಜೊತೆ ನಾನೂ ಹೆಬ್ಬಾಳದ ಬಸ್ ನಿಲ್ದಾಣದವರೆಗೆ ಹೋದೆ. ಮೇಲ್ಸೇತುವೆಯ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದಕ್ಕೇ ಧೈರ್ಯ ಬಂತೋ ಏನೋ.

“ಸರ್, ನನಗೆ ಹೋದ ವರ್ಷವೇ ಗೊತ್ತಿತ್ತು. ಬೊಬ್ಬೆ ನೋಡಿದಾಗಲೇ.”

ಅವರು ನನ್ನ ಕಡೆ ತಿರುಗಿದರು.

“ಹೇಳ್ಬೇಕಿತ್ತಮ್ಮ,” ಅಂದರು.

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಹೋಗಲಿ ಬಿಡು ಅಂದಿದ್ದರೂ ಆಗುತ್ತಿತ್ತು. ಅಷ್ಟೇ ಅಂದು ಬಸ್ಸು ಬರುವ ದಿಕ್ಕನ್ನು ನೋಡುತ್ತಾ ನಿಂತರು. ಬಸ್ಸು ಬಂದು ಹತ್ತುವ ಹೊತ್ತಿಗೆ ಮಾತ್ರ, “ನನಗೂ ಅನುಮಾನ ಇತ್ತು. ಅಂಗಿ ಗುಂಡಿ ಹಾಕೋಕೆ ಆಗ್ತಿರ್ಲಿಲ್ಲ. ನಾನೂ ಹೇಳ್ಬೇಕಿತ್ತು” ಅಂದರು. ಕಂಬಿ ಹಿಡಿಯುವ ಮೊದಲು ಕೈಯನ್ನು ಕಣ್ಣಿಂದ ನೋಡಿಕೊಂಡು ಹಿಡಿದರು.

ಅವರು ನಿವೃತ್ತರಾದ ಮೇಲೆ ನಾನು ಆರ್.ಟಿ. ನಗರದ ಅವರ ಮನೆಗೆ ಎರಡು ಮೂರು ಸಲ ಹೋಗಿರಬಹುದು. ಪ್ರತಿ ಸಲ ಹೋಗುವಾಗಲೂ ಹೇಳಬೇಕಾದದ್ದು ಏನೋ ಇದೆ ಅನ್ನಿಸುತ್ತಿತ್ತು. ಹೋದ ಮೇಲೆ ಏನೂ ಸಿಗುತ್ತಿರಲಿಲ್ಲ. ಕೊನೆಯ ಸಲ ಹೋದದ್ದು ಅವರು ತೀರಿಕೊಳ್ಳುವ ಒಂದೂವರೆ ತಿಂಗಳು ಮುಂಚೆ. ಬಾಗಿಲು ತೆರೆದವರು ಅವರ ಹೆಂಡತಿ. “ಡಾಕ್ಟರ್ ಮಾಡೋದೇನೂ ಇಲ್ಲ ಅಂತಾರೆ. ನರ ಸತ್ರೆ ಸತ್ತಂಗೇ ಅಂತೆ. ಈಗ ಕಾಲಿನ ಗಾಯ ಬೇರೆ ಮಾಯ್ತಿಲ್ಲ” ಎಂದು ಹಜಾರದಲ್ಲೇ ಮೆತ್ತಗೆ ಹೇಳಿ ಒಳಗೆ ಕಳಿಸಿದರು.

ಅವರು ಕಿಟಕಿ ಪಕ್ಕದ ಮಂಚದ ಮೇಲೆ ಒರಗಿ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಕೆಳಗೆ ಬೀದಿಯಲ್ಲಿ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು.

“ಬಾಮ್ಮ. ಈ ಸಲ ಯಾವುದು ಗೆದ್ದಿತು?”

“ಮೂರು, ಸರ್.”

“ಎಳೆ ಹೇಗಿದೆ?”

“ಇಳುವರಿ ತುಂಬಾ ಚೆನ್ನಾಗಿದೆ ಸರ್.”

ಅವರಿಗೆ ಅರ್ಥವಾಯಿತು. “ಸರಿ ಬಿಡು. ಬೆಳೆಯೋರಿಗೆ ತೂಕ ತಾನೆ ಬೇಕು. ಅದು ತಪ್ಪಲ್ಲ,” ಅಂದರು. ಆಮೇಲೆ ಮುನಿಯಮ್ಮನನ್ನು ವಿಚಾರಿಸಿದರು. ಅವಳು ಕೆಲಸ ಬಿಟ್ಟು ಇಲ್ಲೇ ಯಲಹಂಕದ ಹತ್ತಿರದ ಸಿಂಗಾಪುರ ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ ಅಂದೆ. “ಅವಳು ಹೇಳಿದ್ಲು. ನೋಡು, ಅವಳೊಬ್ಬಳು ಬಾಯಿಬಿಟ್ಟು ಹೇಳಿದ್ಲು,” ಅಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ಹೊದಿಕೆಯ ಮೇಲೆ ಅವರ ಬಲಗೈ ಬಿದ್ದಿತ್ತು. ಅದನ್ನು ನನ್ನ ಎರಡೂ ಕೈಯಲ್ಲಿ ತೆಗೆದುಕೊಂಡು ಹಿಡಿದೆ, ಗಟ್ಟಿಯಾಗಿಯೇ ಹಿಡಿದೆ. ಅವರು ಹೊರಗಿನ ಬೀದಿಯನ್ನು ನೋಡುತ್ತಲೇ ಇದ್ದರು. ಎಷ್ಟೋ ಹೊತ್ತಾದ ಮೇಲೆ ಏನೋ ಹೇಳಲೆಂದು ಈ ಕಡೆ ತಿರುಗಿದರು. ಕಣ್ಣು ಕೆಳಗೆ ಹೋಯಿತು. ನಾನು ಅವರ ಕೈ ಹಿಡಿದುಕೊಂಡಿದ್ದೇನೆಂದು ಅವರಿಗೆ ಗೊತ್ತಾದದ್ದು ಆಗಲೇ.